ರುಫೀಜಿ ದಂಡೆಯಲ್ಲಿ ರಫೀಕ್

ಮನಾಮ

೧೯೮೭ರಲ್ಲಿ ನಾನು ಶಾಲೆ ಬಿಟ್ಟೆ. ಏಳನೇ ಕ್ಲಾಸಿನ ಪರೀಕ್ಷೆಗೆ ಇನ್ನೂ ಎರಡು ತಿಂಗಳಿತ್ತು. ಫೇಲಾಗಿ ಬಿಟ್ಟದ್ದಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಲೆಕ್ಕದಲ್ಲಿ ನನ್ನನ್ನು ಮೀರಿಸುವವ ಕಾಪುವಿನ ಆ ಶಾಲೆಯಲ್ಲಿ ಒಬ್ಬನೂ ಇರಲಿಲ್ಲ. ಬಾಪ ಬೋಟಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು, ಮನೆಗೆ ದುಡಿಯುವ ಕೈ ಬೇಕಾಯಿತು. ಮಲ್ಪೆ ಬಂದರಿನಲ್ಲಿ ಟರ್ಪಾಲು ಹೊಲಿಯುವ ಅಂಗಡಿಗೆ ಹೋಗಿ ಕೂತೆ. ಐದು ವರ್ಷದಲ್ಲಿ ಹೊದಿಕೆ ಬೇಕಾದ ಬೋಟಿನವರು ಅಂಗಡಿಗೆ ಬಂದು, "ಹಮೀದ್ ಹೊಲಿಯುವುದಾದರೆ ಕೊಡ್ತೇವೆ, ಇಲ್ಲದಿದ್ದರೆ ಬೇಡ" ಎನ್ನುವಂತಾಯಿತು. ಆಮೇಲೆ ಬಹರೈನ್.

ಬಹರೈನಿಗೆ ಬಂದದ್ದು ಡೇರೆ ಹೊಲಿಯಲಿಕ್ಕೆ. ಇಲ್ಲಿ ಚಳಿಗಾಲ ಬಂತೆಂದರೆ ಒಳ್ಳೆಯ ವಿಲ್ಲಾಗಳಿಗೆ ಬೀಗ ಹಾಕಿ ಜನ ಸಂಸಾರ ಸಮೇತ ಸಖೀರ್ ಮರುಭೂಮಿಗೆ ಹೋಗಿ ಡೇರೆಯಲ್ಲಿ ಕೂರುತ್ತಾರೆ. ಕಂಬಳಿ, ಟಿವಿ, ಜನರೇಟರ್, ಅಡುಗೆಯವ, ಎಲ್ಲ ಜೊತೆಗೆ ಹೋಗುತ್ತದೆ. ನಮ್ಮೂರಲ್ಲಿ ಒಬ್ಬ ಡೇರೆಯಲ್ಲಿದ್ದಾನೆ ಎಂದರೆ ಅವನಿಗೆ ಮನೆಯಿಲ್ಲ ಎಂದು ಅರ್ಥ. ಇಲ್ಲಿ ಡೇರೆ ಇದ್ದವನಿಗೆ ಮನೆ ಎರಡು. ಆ ಎರಡನೇ ಮನೆಗಳನ್ನು ಮೂವತ್ತು ವರ್ಷಕ್ಕೂ ಮಿಕ್ಕಿ ಹೊಲಿದವ ನಾನು. ವರ್ಕ್‌ಶಾಪು ಬೂ ಖಾಲಿದ್ ಎಂಬ ಹಿರಿಯರದ್ದು. ಖಾಲಿದ್ ಅವರ ದೊಡ್ಡ ಮಗ. ಆದ್ದರಿಂದ ಇಲ್ಲಿಯ ರೀತಿಯಲ್ಲಿ ತಂದೆಗೆ ಆ ಹೆಸರು. ಬಟ್ಟೆ ಆರಿಸುವುದರಿಂದ ಹಿಡಿದು ಗೂಟ ಬಡಿಯುವವರೆಗೆ ಎಲ್ಲ ನನ್ನದೇ ಮಾತು. ಬೂ ಖಾಲಿದ್ ಬೆಳಿಗ್ಗೆ ಬಂದು, ಕಾಫಿ ಕುಡಿದು, "ಹಮೀದ್ ಇದ್ದಾನಲ್ಲ" ಎಂದು ಹೇಳಿ ಹೋಗುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಅವರು ಸಲ್ಮಾನಿಯಾದಲ್ಲಿ ಆಸ್ಪತ್ರೆಯ ಹಾಸಿಗೆ ಹಿಡಿದರು. ನೋಡಲಿಕ್ಕೆ ಹೋದಾಗ ನನ್ನ ಕೈಯನ್ನೂ ಮಗನ ಕೈಯನ್ನೂ ಒಟ್ಟಿಗೆ ಹಿಡಿದು, "ಖಾಲಿದ್, ವರ್ಕ್‌ಶಾಪಿನಲ್ಲಿ ಅರ್ಧ ಹಮೀದ್‌ದು. ಕಾಗದದಲ್ಲಿ ಅವನ ಹೆಸರು ಹಾಕಿಸು" ಎಂದರು. ಖಾಲಿದ್ ತಂದೆಯ ಹಣೆಗೆ ಮುತ್ತಿಟ್ಟು "ಆಯಿತು" ಎಂದ. ಆ ವಾರವೇ ಅವರು ತೀರಿಕೊಂಡರು. ಖಾಲಿದನ "ಆಯಿತು" ಮಾತ್ರ ನಾಲ್ಕು ವರ್ಷ "ಇನ್‌ಶಾ ಅಲ್ಲಾ" ಆಗಿಯೇ ಉಳಿಯಿತು.

ಹೋದ ವರ್ಷ ಬೇಸಗೆ ಮುಗಿಯುವಾಗ ಒಂದು ದಿನ ಅವನು ವರ್ಕ್‌ಶಾಪಿಗೆ ಬಂದು ನನ್ನ ಮೆಷಿನಿನ ಮೇಲೆ ಕೈಯಿಟ್ಟು, "ಹಮೀದ್, ತಆಲ್ ವಯ್ಯಾನಾ" ಎಂದ. ನಮ್ಮ ಜೊತೆ ಬಾ ಎಂದು. ಅವನೂ ಅವನ ಗೆಳೆಯ ಯೂಸುಫನೂ ತಾಂಜಾನಿಯಾಕ್ಕೆ ಹೋಗುವವರಿದ್ದರು. ರುಫೀಜಿ ಎಂಬ ನದಿಯ ದಂಡೆಯಲ್ಲಿ ಐದು ದಿನ ಡೇರೆಯ ವಾಸ, ಕಾಡುಪ್ರಾಣಿ ನೋಡುವುದು. "ಖರ್ಚೆಲ್ಲ ನನ್ನದು. ನಮ್ಮ ವರ್ಕ್‌ಶಾಪಿನ ವಿಷಯ ಅಲ್ಲಿ ಆರಾಮವಾಗಿ ಕೂತು ಮಾತಾಡೋಣ."

ಆರಾಮವಾಗಿ ಕೂತು ಮಾತಾಡೋಣ. ಬೇರೆ ಯಾವ ವಿಷಯ ಇರಲಿಕ್ಕೆ ಸಾಧ್ಯ, ನೀವೇ ಹೇಳಿ.

ಝುಬೈದಾ, ನನ್ನ ಹೆಂಡತಿ, ಅಷ್ಟು ಸುಲಭದಲ್ಲಿ ನಂಬುವವಳಲ್ಲ. "ಹೆಸರು ಹಾಕಿಸ್ಲಿಕ್ಕೆ ಮನಾಮದಲ್ಲಿ ಆಫೀಸು ಇಲ್ವಾ? ಆನೆಯ ಸಹಿ ಬೇಕಂತಾ?" ಎಂದಳು. ರಿಫಾದಲ್ಲಿ ನಮಗೆ ಬೇಕಾದ ಒಬ್ಬರಿದ್ದಾರೆ, ವಿಶ್ವನಾಥ್ ಅಂತ, ಮೈಸೂರಿನ ಇಂಜಿನಿಯರು. ಅವರು ತಮ್ಮ ದುರ್ಬೀನನ್ನೇ ನನಗೆ ಕೊಟ್ಟು, "ಹಮೀದ್ ಅವರೇ, ಬಾಯಿಮಾತು ಬಾಯಿಮಾತೇ ಕಣ್ರೀ. ಹುಲಿ ಸಿಂಹ ಆಮೇಲೆ ನೋಡಿ, ಮೊದಲು ಒಂದು ಸಹಿ ಹಾಕಿಸ್ಕೊಳ್ಳಿ" ಎಂದರು. ಆಫ್ರಿಕಾದಲ್ಲಿ ಹುಲಿ ಇಲ್ಲ ಎಂದು ನಾನು ಅವರನ್ನು ತಿದ್ದಿದೆ. ಶಾಲೆ ಬಿಟ್ಟವ ಇಂಜಿನಿಯರನ್ನು ತಿದ್ದಿದ ಖುಷಿಯಲ್ಲಿ ಅವರ ಬುದ್ಧಿಮಾತು ಕಿವಿಗೆ ಹೋಗಲಿಲ್ಲ.

ದಾರ್ ಎಸ್ ಸಲಾಮ್

ಹೊಸ ಸೂಟ್‌ಕೇಸು ಒಂದು ತಗೊಂಡಿದ್ದೆ. ಅದನ್ನು ಎಳೆದುಕೊಂಡು ಠೀವಿಯಿಂದ ಹೋಗಬೇಕೆಂದಿದ್ದೆ. ಆದರೆ ಬಹರೈನಿನ ವಿಮಾನ ನಿಲ್ದಾಣದಲ್ಲಿ ಟ್ರಾಲಿ ನನ್ನ ಕೈಗೇ ಬಂತು. ಯಾರೂ ತಳ್ಳು ಎಂದು ಹೇಳಿದ್ದಲ್ಲ. ಖಾಲಿದನಿಗೆ ಫೋನು ಬಂತು, ಯೂಸುಫ್ ಸಿಗರೇಟಿಗೆ ಹೋದ, ನಡುವೆ ಟ್ರಾಲಿ ಒಂದೇ ನಿಂತಿತ್ತು. ಕಂಬಳಿಯ ಸುರುಳಿ, ಇದ್ದಿಲಿನ ಚೀಲ, ಕಾಫಿಯ ಹೂಜಿ, ಮಡಚುವ ಒಲೆ, ಖರ್ಜೂರದ ದೊಡ್ಡ ಡಬ್ಬಿ. ಮರುಭೂಮಿಗೆ ಹೋಗುವಾಗ ಏನೇನು ಒಯ್ಯುತ್ತಾರೋ ಅದೆಲ್ಲ ಅದರಲ್ಲಿತ್ತು. ಈ ಯೂಸುಫನಿಗೆ ಜುಫೈರ್‌ನಲ್ಲಿ ಎರಡು ರೆಸ್ಟೋರೆಂಟುಗಳಿವೆ. ಮನುಷ್ಯ ಕೆಟ್ಟವನಲ್ಲ, ಆದರೆ ನಗಬಾರದ ಜಾಗ ಯಾವುದು ಎಂಬುದು ಅವನಿಗೆ ತಿಳಿಯುವುದಿಲ್ಲ.

ದಾರ್ ಎಸ್ ಸಲಾಮಿನಲ್ಲಿ ಇಳಿದ ಕೂಡಲೇ ಸೆಕೆ ಬಂದು ಮುಖಕ್ಕೆ ಅಂಟಿತು. ಮಂಗಳೂರಿನ ಸೆಕೆಯೇ. ಗೋಡೆಯ ಪಾಚಿಯ ವಾಸನೆಯೂ ಅದೇ. ಬೇಲಿಯಾಚೆ ಕೊಡೆ ಹಿಡಿದ ಹೆಂಗಸರು, ಬುರ್ನಾಸು ಬಸ್ಸು, ತೆಂಗಿನ ಮರ. ಒಂದು ಕ್ಷಣ ಊರಿಗೇ ಬಂದೆನೋ ಎನ್ನಿಸಿ ಮನಸ್ಸು ಹಗುರಾಯಿತು. ಆಮೇಲೆ ಪಾಸ್‌ಪೋರ್ಟಿನ ಸಾಲು.

ವೀಸಾದ ಅರ್ಜಿ ತುಂಬಿದ್ದು ಖಾಲಿದನ ಆಫೀಸಿನವರು. ಗಾಜಿನ ಆಚೆ ಕೂತಿದ್ದ ಹೆಣ್ಣುಮಗಳು ನನ್ನ ಕಾಗದ ನೋಡಿ, ನನ್ನ ಹೊಸ ಕೋಟು ನೋಡಿ, ಇನ್ನೊಮ್ಮೆ ಕಾಗದ ನೋಡಿ ಕೇಳಿದಳು: "ಹೆಲ್ಪರ್? ಯಾರ ಹೆಲ್ಪರ್?"

"ಹೆಲ್ಪರ್ ಅಲ್ಲ. ಟೆಂಟ್ ಮಾಸ್ಟರ್" ಎಂದು ಕಿಸೆಯಿಂದ ನನ್ನ ಕಾರ್ಡು ತೆಗೆದುಕೊಟ್ಟೆ. ಅವಳು ಅದನ್ನು ಓದದೆ ವಾಪಸು ಕೊಟ್ಟು ಮುದ್ರೆ ಒತ್ತಿದಳು.

ಆಚೆ ಬಂದು ಖಾಲಿದನಿಗೆ ಹೇಳಿದೆ. "ಅಯ್ಯೋ, ಆ ಫಾರಂನಲ್ಲಿ ಪಟ್ಟಿ ಇರುತ್ತದೆ, ಅದರಲ್ಲಿ ಯಾವುದಾದರೂ ಒಂದನ್ನು ಒತ್ತಬೇಕು. ನಮ್ಮ ಹುಡುಗಿ ಒತ್ತಿದ್ದಾಳೆ" ಎಂದ. ಸರಿ, ಪಟ್ಟಿಯಲ್ಲಿ ಡೇರೆಯವನ ಕಸುಬು ಇರಲಿಕ್ಕಿಲ್ಲ ಎಂದು ನಾನೂ ಸಮಾಧಾನ ಮಾಡಿಕೊಂಡೆ. ನನ್ನನ್ನು ಸಮಾಧಾನ ಮಾಡುವುದರಲ್ಲಿ ನನ್ನಷ್ಟು ನುರಿತವ ಇನ್ನೊಬ್ಬನಿಲ್ಲ.

ರುಫೀಜಿ, ಮೊದಲ ದಿನ

ಮುಂದಿನ ಪ್ರಯಾಣ ಸಣ್ಣ ವಿಮಾನದಲ್ಲಿ. ನಮ್ಮೂರ ಸರ್ವಿಸ್ ವ್ಯಾನಿಗಿಂತ ಚಿಕ್ಕದು. ಕೆಳಗೆ ಮಣ್ಣಿನ ಪಟ್ಟಿಯ ಮೇಲೆ ಜಿರಾಫೆಗಳು ನಿಂತಿದ್ದವು. ಪೈಲಟ್ ಒಂದು ಸುತ್ತು ತಗ್ಗಿ ಹಾರಿ ಅವುಗಳನ್ನು ಓಡಿಸಿ, ಇನ್ನೊಂದು ಸುತ್ತಿಗೆ ಇಳಿಸಿದ. ಕುಂದಾಪುರದ ರಸ್ತೆಯಲ್ಲಿ ಬಸ್ಸಿನವ ಹಾರ್ನ್ ಹೊಡೆದು ಎಮ್ಮೆ ಎಬ್ಬಿಸುವ ಹಾಗೆ. ಜಿರಾಫೆಗಳೂ ಎಮ್ಮೆಗಳ ಹಾಗೆಯೇ, ಓಡುವ ಮೊದಲು ಯೋಚನೆ ಮಾಡುತ್ತವೆ.

ನದಿ ದೊಡ್ಡದು, ಹಾಲು ಕಡಿಮೆ ಹಾಕಿದ ಚಹಾದ ಬಣ್ಣ. ನಡುನಡುವೆ ಮರಳಿನ ದಿಬ್ಬ. ದಂಡೆಯಲ್ಲಿ ತಾಳೆಮರಗಳು, ಹೌದು, ನಮ್ಮ ಕಡೆಯ ತಾಳೆಮರಗಳೇ, ಹತ್ತುವವರಿಲ್ಲದೆ ಒಣಗಿದ ಗರಿಗಳನ್ನು ಹಾಗೇ ಜೋತುಹಾಕಿಕೊಂಡು ನಿಂತಿದ್ದವು. ದಿಬ್ಬದ ಮೇಲೆ ಮಳೆಗಾಲದಲ್ಲಿ ಕವುಚಿ ಹಾಕಿದ ದೋಣಿಗಳಂತೆ ಮೊಸಳೆಗಳು. ನೀರಿನಲ್ಲಿ ನೀರಾನೆಗಳು, ಕಣ್ಣು ಕಿವಿ ಮಾತ್ರ ಮೇಲೆ. ಅವುಗಳ ದನಿ ಕೇಳಿದಾಗ ಮಲ್ಪೆಯೇ ನೆನಪಾಯಿತು. ಬೆಳಿಗ್ಗೆ ಹಳೆಯ ಡೀಸೆಲ್ ಎಂಜಿನ್ ಚಾಲೂ ಆಗದೆ ಕೆಮ್ಮುತ್ತದಲ್ಲ, ಹಾಗೆ. ಹತ್ತಿಪ್ಪತ್ತು ಎಂಜಿನ್ ಒಟ್ಟಿಗೆ, ಒಂದೂ ಚಾಲೂ ಆಗುವುದಿಲ್ಲ.

ನನ್ನ ಕಣ್ಣು ಮೊದಲು ಹೋದದ್ದು ಮಾತ್ರ ಡೇರೆಗಳ ಕಡೆಗೆ. ಮರದ ಅಟ್ಟದ ಮೇಲೆ ಎತ್ತಿ ನಿಲ್ಲಿಸಿದ ಏಳು ಡೇರೆಗಳು. ದಪ್ಪ ಕ್ಯಾನ್‌ವಾಸು, ಮೇಲೊಂದು ಹಾರುವ ಮಾಡು, ಅಂದರೆ ಒಳಮಾಡಿಗೆ ತಾಗದ ಹಾಗೆ ಎಳೆದು ಕಟ್ಟಿದ ಎರಡನೇ ಹೊದಿಕೆ, ಪಕ್ಕಗಳೆಲ್ಲ ಜಾಲರಿ, ಗಾಳಿ ಹಾಯಲಿಕ್ಕೆ. ಮೂಲೆಯ ಹೊಲಿಗೆ ನೋಡಿದೆ. ಎರಡು ಮಡಿಕೆ, ನಡುವೆ ತೊಗಲಿನ ತುಂಡು, ಕೈಯಿಂದ ಹಾಕಿದ ಹೊಲಿಗೆ. ಇದನ್ನು ಹೊಲಿದವನಿಗೆ ಕೆಲಸ ಬರುತ್ತದೆ ಎಂದು ಮನಸ್ಸಿನಲ್ಲೇ ಒಪ್ಪಿಕೊಂಡೆ. ನಾನು ಹಾಗೆ ಸುಲಭದಲ್ಲಿ ಒಪ್ಪುವವನಲ್ಲ.

ಹೊಲಿದವನೇ ಎದುರಿಗೆ ಬಂದ. ಮೂಸಾ ಎಂದು ಹೆಸರು, ನನ್ನದೇ ಪ್ರಾಯ, ಕಪ್ಪು ಗಡ್ಡದಲ್ಲಿ ಎರಡು ಬಿಳಿ ಗೆರೆ. ಎರಡೂ ಕೈ ಚಾಚಿ ನಕ್ಕು, "ಕರೀಬು, ರಫೀಕಿ!" ಎಂದು ಸ್ವಾಗತ ಮಾಡಿದ.

ಇಲ್ಲಿ ಒಂದು ವಿಷಯ ಹೇಳಬೇಕು. ಅರಬ್ಬಿಯಲ್ಲಿ ರಫೀಕ್ ಎಂದರೆ ಗೆಳೆಯ. ಅದು ಪುಸ್ತಕದ ಮಾತು. ಗಲ್ಫಿನ ರಸ್ತೆಯಲ್ಲಿ ಅದು, ಹೆಸರು ಕೇಳುವ ತಾಪತ್ರಯ ಬೇಡ ಎಂದಾಗ ನಮ್ಮಂಥವರನ್ನು ಕೂಗುವ ಶಬ್ದ. ಕಸ ಎತ್ತುವವ ರಫೀಕ್, ಪೆಟ್ರೋಲು ಹಾಕುವವ ರಫೀಕ್, ಬಿಸಿಲಲ್ಲಿ ಕಲ್ಲು ಹೊರುವವರೆಲ್ಲ ಒಂದೇ ತಾಯಿ ಹೆತ್ತ ರಫೀಕರು. ಬಂದ ಹೊಸದರಲ್ಲಿ ನನ್ನನ್ನೂ ಕರೆದರು. ನಾನು ಮೆಷಿನ್ ನಿಲ್ಲಿಸಿ, "ನನ್ನ ಹೆಸರು ಹಮೀದ್" ಎಂದು ಹೇಳಿ, ಹೆಸರಿನಿಂದ ಕರೆಯುವವರೆಗೆ ಮತ್ತೆ ಚಾಲೂ ಮಾಡುತ್ತಿರಲಿಲ್ಲ. ಎಷ್ಟು ಗಿರಾಕಿಗಳು ಬೈದು ಹೋದರು. ಹೋಗಲಿ. ಆ ಒಂದು ಶಬ್ದವನ್ನು ನನ್ನ ಮೈಮೇಲಿಂದ ಉದುರಿಸಲಿಕ್ಕೆ ಹತ್ತು ವರ್ಷ ಹಿಡಿಯಿತು.

ಈಗ ಆಫ್ರಿಕಾದ ಕಾಡಿನಲ್ಲಿ, ಹೊಸ ಕೋಟಿನಲ್ಲಿ ನಿಂತಾಗ, ರಫೀಕಿ!

"ನನ್ನ ಹೆಸರು ಹಮೀದ್" ಎಂದೆ.

"ಹಮೀದಿ! ಚೆನ್ನಾಗಿದೆ. ಕರೀಬು ಸಾನಾ, ರಫೀಕಿ."

"ರಫೀಕ್ ನಿನ್ನ ಅಪ್ಪ!" ಎಂದುಬಿಟ್ಟೆ, ಹಿಂದಿಯಲ್ಲಿ. ಶಬ್ದ ತಿಳಿಯದಿದ್ದರೂ ನನ್ನ ಮುಖ ಅವನಿಗೆ ತಿಳಿಯಿತು. ಚಾಚಿದ ಕೈ ಕೆಳಗಿಳಿಯಿತು. ಹಿಂದೆ ಯೂಸುಫ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಹಮೀದ್, ನೀನು ಓಡಿಬಂದರೂ ಆ ಶಬ್ದ ನಿನಗಿಂತ ಮೊದಲೇ ವಿಮಾನ ಹತ್ತಿ ಬಂದಿದೆ!"

ಮೂಸಾ ತನ್ನ ಎದೆ ಮುಟ್ಟಿ, ಆಮೇಲೆ ನನ್ನ ಕಡೆ ತೋರಿಸಿ, ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಹೇಳಿದ: "ರಫೀಕಿ, ಫ್ರೆಂಡ್. ಬೇರೆ ಏನೂ ಇಲ್ಲ." ಅವರ ಸ್ವಾಹಿಲಿಯಲ್ಲಿ ಅದು ಅಷ್ಟೇ. ಮಂತ್ರಿಗೂ ರಫೀಕಿ, ಮೀನಿನವನಿಗೂ ರಫೀಕಿ. ನನಗೆ ನಾಚಿಕೆಯಾಯಿತು. ಕ್ಷಮೆ ಕೇಳಲಿಲ್ಲ, ಕೇಳಬೇಕಿತ್ತು.

ಸಂಜೆ ಮಗ್ರಿಬ್ ನಮಾಜಿಗೆ ನದಿಯ ಮುಂದೆ ಸಾಲು ಕಟ್ಟಿದೆವು. ಮೂಸಾನೂ ಬಂದು ನಿಂತ. ಖಾಲಿದ್ ನನ್ನ ಭುಜ ಹಿಡಿದು ಮುಂದೆ ದೂಡಿದ: "ಪ್ರಾಯದಲ್ಲಿ ನೀನೇ ಹಿರಿಯ. ಇಮಾಮತಿ ನೀನೇ ಮಾಡು." ಮಾಡಿದೆ. ಹಿಂದೆ ಮೂವರು, ಎದುರಿಗೆ ಕೆಂಪಾದ ನೀರು, ಆಚೆ ದಂಡೆಯಲ್ಲಿ ಕಾಡುಕೋಣಗಳ ಹಿಂಡು. ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಮುಂದೆ ನಿಲ್ಲಿಸಿರಲಿಲ್ಲ. ನಮಾಜು ಮುಗಿಸಿ ಸಲಾಂ ಕೊಟ್ಟು ಕುತ್ತಿಗೆ ತಿರುಗಿಸಿದೆನೋ ಇಲ್ಲವೋ, ಖಾಲಿದ್ ಕಂಬಳಿಯ ಮೇಲೆ ಒರಗಿ, "ಹಮೀದ್, ಚಹಾ" ಎಂದ.

ಎದ್ದು ಹೋಗಿ ಮಾಡಿದೆ. ಆ ಒಲೆ ಹೊತ್ತಿಸುವುದು ಅವರಿಬ್ಬರಿಗೂ ಗೊತ್ತಿರಲಿಲ್ಲ, ಅದಕ್ಕೇ ಎಂದುಕೊಂಡೆ.

ಎರಡನೇ ದಿನ, ಮೂರನೇ ದಿನ

ಅವರಿಬ್ಬರು ಬೆಳಿಗ್ಗೆ ಜೀಪಿನಲ್ಲಿ ಸಿಂಹ ನೋಡಲಿಕ್ಕೆ ಹೋದರು. ಜೀಪಿನಲ್ಲಿ ಜಾಗ ಇತ್ತು. "ಸಾಮಾನು ಯಾರಾದರೂ ನೋಡಿಕೊಳ್ಳಬೇಕಲ್ಲ, ಮಂಗಗಳಿವೆ" ಎಂದ ಖಾಲಿದ್. ಮಂಗಗಳು ಇದ್ದದ್ದು ನಿಜ. ನಾನು ಪಾತ್ರೆ ತೊಳೆಯುತ್ತಿದ್ದಾಗಲೇ ಒಂದು ಬಂದು ಖರ್ಜೂರದ ಡಬ್ಬಿ ಎತ್ತಿಕೊಂಡು ಮರ ಹತ್ತಿತು. ಮೇಲೆ ಕೂತು ಒಂದೊಂದೇ ತಿಂದು, ಬೀಜವನ್ನು ನನ್ನ ತಲೆಗೆ ಗುರಿಯಿಟ್ಟು ಉಗಿಯಿತು. ಸೌದಿಯಿಂದ ತರಿಸಿದ ಖರ್ಜೂರ; ಅದಕ್ಕೆ ಇಷ್ಟವಾದ ಹಾಗೆ ಕಂಡಿತು.

ಮೂಸಾ ಕೋಲು ಹಿಡಿದು ಬಂದು ಓಡಿಸಿದ. ಆಮೇಲೆ ತಾನಾಗಿಯೇ ತನ್ನ ಹೊಲಿಗೆಯ ಕೊಟ್ಟಿಗೆಗೆ ಕರೆದುಕೊಂಡು ಹೋದ. ಒಳಗೆ ತುಳಿಯುವ ಮೆಷಿನು, ಮೇಣ ಹಚ್ಚಿದ ನೂಲು, ಬಾಗಿದ ಸೂಜಿ. ಬಾಗಿದ ಸೂಜಿ ಕಂಡು ಕೈ ತಡೆಯಲಿಲ್ಲ. ಹರಿದ ಮಾಡು ಒಂದು ಬಿದ್ದಿತ್ತು, ಎಳೆದು ಕೂತೆ, ಒಂದು ಮೊಳ ಹೊಲಿದೆ. ಅವನು ಬಗ್ಗಿ ನೋಡಿ, ಹೊಲಿಗೆಯ ಮೇಲೆ ಬೆರಳು ಎಳೆದು, "ಫುಂಡಿ" ಎಂದ. ಕಸುಬು ಬಲ್ಲವ ಎಂದು. ಎರಡು ದಿನ ಅಲ್ಲೇ ಕೂತೆವು. ಭಾಷೆ ಅರ್ಧಂಬರ್ಧ, ಆದರೆ ನಾವು ಖೈಮಾ ಎನ್ನುವ ಡೇರೆಗೆ ಅವರು ಹೇಮಾ ಎನ್ನುತ್ತಾರೆ, ಅಲ್ಲಿಂದ ಮುಂದೆ ಕಷ್ಟವಾಗಲಿಲ್ಲ. ಮೂಲೆಗೆ ತೊಗಲು ಯಾಕೆ, ಜಾಲರಿಯ ಅಂಚು ಹೇಗೆ ಮಡಚುವುದು, ಹಾರುವ ಮಾಡಿಗೂ ಒಳಮಾಡಿಗೂ ನಡುವೆ ಎಷ್ಟು ಬಿಡಬೇಕು, ಎಲ್ಲ ಬಿಚ್ಚಿ ತೋರಿಸಿದ. ನಾನು ನನ್ನ ನೋಟ್‌ಬುಕ್ಕಿನಲ್ಲಿ ಅಳತೆ ಸಮೇತ ಚಿತ್ರ ಬರೆದುಕೊಂಡೆ. ನನಗೆ ಬೇಕೆಂದು ಬರೆದುಕೊಂಡೆ, ಕಲಿಯುವ ಚಟಕ್ಕೆ.

ಕೊಟ್ಟಿಗೆಯ ಬಾಗಿಲಿನಿಂದಲೇ ಆನೆಗಳು ನದಿ ದಾಟುವುದು ಕಂಡಿತು. ವಿಶ್ವನಾಥರ ದುರ್ಬೀನು ಮೂಸಾನ ಕೈಗೆ ಕೊಟ್ಟೆ, ಅವನು ಬೇಡವೆಂದ. ಅವನಿಗೆ ಬರಿಗಣ್ಣಿಗೇ ಮರಿಯ ಕಿವಿ ಹರಿದದ್ದು ಕಾಣುತ್ತಿತ್ತು. ಮುಂದೆ ಒಂದು ಮುದಿ ಹೆಣ್ಣಾನೆ, ಕೊಂಬು ಮುರಿದದ್ದು. ಅದು ನೀರಿನಲ್ಲಿ ಒಂದೊಂದು ಹೆಜ್ಜೆ ಇಟ್ಟು ನೋಡಿ, ನಿಂತು, ಮುಂದೆ ಹೋದ ಮೇಲೆಯೇ ಉಳಿದವು ಇಳಿದವು. ಊರಲ್ಲಿ ಆನೆ ಎಂದರೆ ಸರಪಳಿ ಸಮೇತ ನೋಡಿದವ ನಾನು. ಕಾಲಲ್ಲಿ ಏನೂ ಇಲ್ಲದ ಆನೆ ಎಷ್ಟು ಸದ್ದಿಲ್ಲದೆ ನಡೆಯುತ್ತದೆ ಎಂದು ಅವತ್ತು ಗೊತ್ತಾಯಿತು.

ಮೂರನೇ ದಿನ ಸಂಜೆ ಖಾಲಿದನಿಗೆ ನೀರಿನ ಅಂಚಿನಲ್ಲೇ ಮಜ್ಲಿಸ್, ಕಂಬಳಿ ದಿಂಬು ಹಾಕಿ ಕೂರುವ ಬೈಠಕ್ಕು, ಹಾಕಿಸಬೇಕೆನಿಸಿತು. ದಂಡೆಯಿಂದ ನೀರಿಗೆ ಇಳಿಯುವ ಒಂದು ಓಣಿಯಂಥ ಜಾಗ, ನುಣ್ಣಗೆ, ಅಗಲವಾಗಿ, ಕಂಬಳಿ ಹಾಸಲಿಕ್ಕೆ ಮಾಡಿಟ್ಟ ಹಾಗೆ. ಮೂಸಾ ಓಡಿ ಬಂದು, "ಇಲ್ಲಿ ಬೇಡ. ಇದು ಕಿಬೋಕೊ ದಾರಿ" ಎಂದ. ಕಿಬೋಕೊ ಎಂದರೆ ನೀರಾನೆ. ಸಂಜೆಯಾದರೆ ಅದು ಮೇಯಲಿಕ್ಕೆ ದಿನಾ ಒಂದೇ ದಾರಿಯಲ್ಲಿ ಹತ್ತಿ ಬರುತ್ತದಂತೆ.

"ಅದಕ್ಕೆ ಬೇರೆ ದಾರಿ ಇಲ್ಲವಾ? ಇಷ್ಟು ದೊಡ್ಡ ನದಿ" ಎಂದ ಖಾಲಿದ್.

"ಅದು ಬೇರೆ ದಾರಿ ಹುಡುಕುವುದಿಲ್ಲ, ಬಾಸ್."

"ಸೈನ್ ಬೋರ್ಡು ಹಾಕಬೇಕಿತ್ತು!" ಎಂದ ಯೂಸುಫ್. ಕಂಬಳಿ ಹಾಸಾಯಿತು. ಅಂದರೆ, ನಾನು ಹಾಸಿದೆ.

ಸೂರ್ಯ ತಾಳೆಮರದ ತಲೆಗೆ ಬಂದಾಗ ನೀರು ಅಲುಗಿತು. ಮೊದಲು ಕಿವಿ, ಆಮೇಲೆ ಒಂದು ಲಾರಿ. ಹತ್ತಿ ಬಂತು, ಅವಸರವಿಲ್ಲದೆ. ನಾವು ಎದ್ದು ಓಡಿದ ರೀತಿ ಹೇಳುವುದು ಬೇಡ. ಯೂಸುಫನ ಒಂದು ಚಪ್ಪಲಿ ಇವತ್ತಿಗೂ ಅಲ್ಲೇ ಇರಬೇಕು. ನೀರಾನೆ ಕಂಬಳಿಯ ನಡುವೆ ನಿಂತಿತು. ಬೆನ್ನು ತಿರುಗಿಸಿತು. ಆ ಪ್ರಾಣಿಗೆ ಒಂದು ಅಭ್ಯಾಸವಿದೆ, ಸೆಗಣಿ ಹಾಕುವಾಗ ಬಾಲವನ್ನು ಫ್ಯಾನಿನ ಹಾಗೆ ಬೀಸುತ್ತದೆ. ಕಂಬಳಿ, ದಿಂಬು, ಕಾಫಿಯ ಹೂಜಿ, ಖಾಲಿದ್ ಬಿಟ್ಟು ಓಡಿದ ಹೊಸ ಫೋನು, ಒಂದನ್ನೂ ಬಿಡಲಿಲ್ಲ. ಕೆಲಸ ಮುಗಿಸಿ ತನ್ನ ದಾರಿ ಹಿಡಿದು ಹೋಯಿತು.

ನಾನೂ ನಕ್ಕೆ. ಮೂವತ್ತು ವರ್ಷದಲ್ಲಿ ಅವರ ಜೊತೆ ಹಾಗೆ ನಕ್ಕದ್ದು ಅದೇ ಮೊದಲು. ಖಾಲಿದ್ ನಗು ನಿಲ್ಲಿಸಿ ಕಣ್ಣೊರೆಸಿಕೊಂಡು, ನನ್ನ ಕಡೆ ತಿರುಗಿದ.

"ಹಮೀದ್" ಎಂದ. ಅಷ್ಟೇ. ಆಮೇಲೆ ಕಂಬಳಿಯ ಕಡೆ ಗದ್ದದಿಂದ ತೋರಿಸಿದ.

ನಾಲ್ಕನೇ ದಿನ

ಬೆಳಿಗ್ಗೆ ಪ್ಯಾಂಟು ಮಡಚಿ ನದಿಯ ಅಂಚಿನಲ್ಲಿ ಕಂಬಳಿ ತೊಳೆಯಲಿಕ್ಕೆ ಕೂತೆ. ನೀರಾನೆಯ ಸೆಗಣಿ ಒಣಗಿದರೆ ಸಿಮೆಂಟು. ಮೂಸಾ ಪಕ್ಕದಲ್ಲಿ ಕೋಲು ಹಿಡಿದು ಮೊಸಳೆ ಬರದ ಹಾಗೆ ಕಾದ, ಆಮೇಲೆ ಕೋಲು ಕಂಕುಳಲ್ಲಿಟ್ಟು ತಾನೂ ಒಂದು ಅಂಚು ಹಿಡಿದು ಹಿಂಡಿದ. ಮೇಲೆ ದಂಡೆಯಲ್ಲಿ ಖಾಲಿದ್ ಹಲ್ಲುಜ್ಜುತ್ತ ನಿಂತಿದ್ದ.

ಮೂಸಾ ತಲೆಯೆತ್ತಿ ಅವನನ್ನು ಕೇಳಿದ. ಕುತೂಹಲ, ಬೇರೆ ಏನಿಲ್ಲ. "ಬಾಸ್, ಈ ಹಮೀದಿ, ನಿಮ್ಮ ರಫೀಕಿ?"

ಖಾಲಿದ್ ಬಾಯಿಯ ನೊರೆ ಉಗಿದು ನಕ್ಕ. "ಹೌದು ಹೌದು. ನಮ್ಮ ರಫೀಕ್. ಮೂವತ್ತು ವರ್ಷದಿಂದ. ನನ್ನ ತಂದೆಯ ಕಾಲದ ರಫೀಕ್."

ಮೂಸಾನ ಮುಖ ಅರಳಿತು. ಒದ್ದೆ ಕೈಯನ್ನು ಲುಂಗಿಗೆ ಒರೆಸಿ, ದಂಡೆ ಹತ್ತಿ ಹೋಗಿ ಖಾಲಿದನ ಕೈ ಕುಲುಕಿದ. "ಮೂವತ್ತು ವರ್ಷದ ರಫೀಕಿ! ತಂದೆಯ ರಫೀಕಿಯನ್ನು ಮಗ ಇಷ್ಟು ದೂರ ಕರೆದುಕೊಂಡು ಬಂದಿದ್ದಾನೆ. ನೀವು ಒಳ್ಳೆಯ ಮನುಷ್ಯ." ನನ್ನ ಕಡೆ ತಿರುಗಿ, ಕೇಳಿದೆಯಾ ಎಂಬಂತೆ ತಲೆಯಾಡಿಸಿದ.

ಒಬ್ಬ ಹೇಳಿದ್ದು ಒಂದು, ಇನ್ನೊಬ್ಬ ಕೇಳಿದ್ದು ಒಂದು. ಎರಡೂ ತಿಳಿದವ ನೀರಿನಲ್ಲಿ ಕೂತಿದ್ದ. ಮೂಸಾನಿಗೆ ಬಿಡಿಸಿ ಹೇಳುವ ಮನಸ್ಸಾಗಲಿಲ್ಲ. ಅವನ ಶಬ್ದ ಚೊಕ್ಕವಾಗಿತ್ತು. ಅದಕ್ಕೆ ಯಾಕೆ ಕೊಳೆ ಹಚ್ಚುವುದು ಎಂದು ಕಂಬಳಿ ಹಿಂಡಿದೆ.

ಮಧ್ಯಾಹ್ನ ಊಟದ ಮೇಲೆ ಖಾಲಿದ್ ತಾನಾಗಿಯೇ ಕರೆದ. ಅಟ್ಟದ ಮೇಲೆ ಕುರ್ಚಿ ಹಾಕಿಸಿ ನನ್ನನ್ನು ಎದುರು ಕೂರಿಸಿದ. ಅಂತೂ ಬಂತು ಎಂದುಕೊಂಡೆ.

"ಈ ಡೇರೆಗಳು ಹೇಗಿವೆ?"

"ಒಳ್ಳೆಯ ಕೆಲಸ."

"ನನಗೂ ಇದೇ ಬೇಕು. ಸಖೀರ್‌ನಲ್ಲಿ, ಯೂಸುಫ್ ಮತ್ತು ನಾನು ಸೇರಿ. ಅಟ್ಟ, ಜಾಲರಿ, ಒಳಗೆ ಮಂಚ, ಹೋಟೆಲಿನ ಹಾಗೆ. ಹಳೆಯ ಖೈಮಾ ಯಾರಿಗೂ ಬೇಡ ಈಗ. ಚೀನಾದಲ್ಲಿ ಮಾತಾಡಿದ್ದೇನೆ, ಮಾದರಿ ಕೊಟ್ಟರೆ ಎಷ್ಟು ಬೇಕಾದರೂ ಹೊಲಿದುಕೊಡುತ್ತಾರೆ. ನೀನು ಅಳತೆ ತೆಗೆದುಕೊಂಡು ಬಿಡು. ಫೋಟೋದಲ್ಲಿ ಹೊಲಿಗೆ ಗೊತ್ತಾಗುವುದಿಲ್ಲ, ನಿನ್ನ ಕಣ್ಣಿಗೇ ಗೊತ್ತಾಗುವುದು. ಅದಕ್ಕೇ ಕರೆತಂದದ್ದು."

ಅದಕ್ಕೇ ಕರೆತಂದದ್ದು. ನದಿಯಲ್ಲಿ ನೀರಾನೆಗಳ ಆ ಎಂಜಿನುಗಳು ಕೆಮ್ಮುತ್ತಲೇ ಇದ್ದವು.

"ವರ್ಕ್‌ಶಾಪು?" ಎಂದೆ.

"ಅದನ್ನು ಮುಚ್ಚುತ್ತೇನೆ. ನೀನು ಹೆದರಬೇಡ. ಹೊಸ ಕಂಪನಿಯಲ್ಲಿ ಡೇರೆ ಎಬ್ಬಿಸುವ ಕೆಲಸ ನಿನಗೇ."

"ಖಾಲಿದ್, ಸಲ್ಮಾನಿಯಾದಲ್ಲಿ ನಿನ್ನ ತಂದೆ ನಮ್ಮಿಬ್ಬರ ಕೈ ಹಿಡಿದು ಹೇಳಿದ್ದು? ಕಾಗದದಲ್ಲಿ ನನ್ನ ಹೆಸರು?"

ಅವನು ಕೋಪ ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಕೋಪ ಬರಲಿಲ್ಲ ಅವನಿಗೆ. ನನ್ನ ಮೊಣಕಾಲಿನ ಮೇಲೆ ಪ್ರೀತಿಯಿಂದ ಕೈಯಿಟ್ಟ. "ಹಮೀದ್, ನೀನು ನಮ್ಮ ಮನೆಯವನು. ಸಣ್ಣವನಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿ ಆಡಿಸಿದವ. ಮನೆಯವರ ನಡುವೆ ಎಲ್ಲಾದರೂ ಕಾಗದ ಇರುತ್ತದಾ?"

ಓದಿದವರಿಗೆ ಇದಕ್ಕೆ ಉತ್ತರ ಹೊಳೆಯುತ್ತಿತ್ತೋ ಏನೋ.

ಮುಂದೆ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಅವನು ಕೈ ಚಾಚಿ, "ಅಳತೆ ತೆಗೆದಿದ್ದೀಯಲ್ಲ, ಮೂಸಾನ ಕೊಟ್ಟಿಗೆಯಲ್ಲಿ ನೀನು ಬರೆಯುತ್ತಿದ್ದದ್ದು ನೋಡಿದೆ" ಎಂದ. ನಾನು ನೋಟ್‌ಬುಕ್ಕು ಕೊಟ್ಟೆ. ಇಲ್ಲ ಎನ್ನಬಹುದಿತ್ತು. ನದಿಗೆ ಎಸೆಯಬಹುದಿತ್ತು, ಕೈಯಳತೆಯಲ್ಲೇ ಇತ್ತು ನದಿ. ಆದರೆ ಮೂವತ್ತು ವರ್ಷ ಕೇಳಿದ ಕೂಡಲೇ ಕೊಟ್ಟ ಕೈ ಅದು. ನನ್ನನ್ನು ಕೇಳದೆ ಹೋಯಿತು. ಮೂಸಾ ನನ್ನನ್ನು ನಂಬಿ ಬಿಚ್ಚಿ ತೋರಿಸಿದ ಕಸುಬು, ಚೀನಾಕ್ಕೆ ಹೋಯಿತು. ಐದನೇ ದಿನ ಹೊರಡುವಾಗ ಮೂಸಾ ಅಪ್ಪಿಕೊಂಡು, ತನ್ನ ಬಾಗಿದ ಸೂಜಿಗಳಲ್ಲಿ ಒಂದನ್ನು ನನಗೆ ಕೊಡಲಿಕ್ಕೆ ಬಂದ. ತಗೊಳ್ಳಲಿಲ್ಲ. ಯಾಕೆಂದು ಅವನಿಗೆ ತಿಳಿಯಲಿಲ್ಲ, ಬೇಸರಪಟ್ಟುಕೊಂಡ. ಅವನಿಗೆ ನಾನು ಬಂದಾಗಲೂ ಬೇಸರ ಮಾಡಿದೆ, ಹೋಗುವಾಗಲೂ.

ಸಖೀರ್

ವಾಪಸು ಬಂದು ಒಂದು ತಿಂಗಳಿಗೆ ವರ್ಕ್‌ಶಾಪಿಗೆ ಬೀಗ ಬಿತ್ತು. ಡೇರೆ ಎಬ್ಬಿಸುವ ಕೆಲಸಕ್ಕೆ ನಾನು ಹೋಗಲಿಲ್ಲ. ಅದಕ್ಕೆ ಖಾಲಿದನಿಗೆ ನಿಜವಾಗಿ ಬೇಸರವಾಯಿತು. "ಇಷ್ಟೆಲ್ಲ ಮಾಡಿದರೂ" ಎಂದು ಯೂಸುಫನ ಹತ್ತಿರ ಹೇಳಿದನಂತೆ. ಝುಬೈದಾ ಆ ಆನೆಯ ಸಹಿಯ ಮಾತು ಎತ್ತುತ್ತಾಳೆ ಎಂದು ನಾನು ಒಂದು ವಾರ ಕಾದೆ.

ಚಳಿಗಾಲಕ್ಕೆ ಚೀನಾದ ಡೇರೆಗಳು ಬಂದವು. ಒಂದು ಶುಕ್ರವಾರ ಯಾರಿಗೂ ಹೇಳದೆ ಸಖೀರ್‌ಗೆ ಹೋಗಿ ರಸ್ತೆಯಲ್ಲಿ ನಿಂತು ನೋಡಿದೆ. ಹನ್ನೆರಡು, ಸಾಲಾಗಿ. ಮೂಲೆಯ ತೊಗಲು ಸಮೇತ ಎಲ್ಲ ಹಾಗೇ ಇತ್ತು, ನನ್ನ ಚಿತ್ರದಲ್ಲಿದ್ದ ಹಾಗೆ, ಕೂದಲೆಳೆ ವ್ಯತ್ಯಾಸವಿಲ್ಲದೆ. ಅದೇ ತೊಂದರೆ. ರುಫೀಜಿಯಲ್ಲಿ ಗಾಳಿ ಮರಗಳ ನಡುವೆ ಸೋಸಿ ಬರುತ್ತದೆ. ಅಲ್ಲಿ ಡೇರೆ ಅಟ್ಟದ ಮೇಲೆ ಎದ್ದು ನಿಲ್ಲಬಹುದು, ಪಕ್ಕ ತೆರೆದಿರಬಹುದು. ಇಲ್ಲಿ ಬಡಗಣ ಗಾಳಿ ಬೀಸಿದರೆ ತಡೆಯಲಿಕ್ಕೆ ಒಂದು ಗಿಡವಿಲ್ಲ. ಅದಕ್ಕೇ ನಮ್ಮ ಖೈಮಾದ ಗೋಡೆಗೆ ಕೆಳಗೆ ಒಂದು ಮೊಳ ಬಟ್ಟೆ ಹೆಚ್ಚು ಬಿಟ್ಟು ಮರಳಿನಲ್ಲಿ ಹೂಳುತ್ತೇವೆ. ಗೋಡೆಯ ಅಡಿಯಿಂದ ಗಾಳಿ ನುಗ್ಗಬಾರದು. ಚೀನಾಕ್ಕೆ ಕಳಿಸುವ ಮೊದಲು ಖಾಲಿದ್ ನನ್ನನ್ನು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದೆ. ಖಂಡಿತ ಹೇಳುತ್ತಿದ್ದೆ. ಅವನಿಗೆ ಬೇಕಾದದ್ದು ಅಳತೆ, ಅದನ್ನು ಕೊಟ್ಟಿದ್ದೆ.

ಜನವರಿಯಲ್ಲಿ ಗಾಳಿ ಬಂತು. ಮೂರು ಡೇರೆಗಳು ಅಟ್ಟ ಬಿಟ್ಟು ಎದ್ದು ಹೋದವು. ಒಂದು ರಸ್ತೆಯ ಆಚೆ ಒಂಟೆಗಳ ಬೇಲಿಯ ಮೇಲೆ ಬಿತ್ತಂತೆ. ಯಾರಿಗೂ ಪೆಟ್ಟಾಗಲಿಲ್ಲ, ಅಷ್ಟು ದಯೆ. ರಾತ್ರಿ ಹತ್ತು ಗಂಟೆಗೆ ಖಾಲಿದನ ಫೋನು ಬಂತು. ಗಾಳಿಯ ಸದ್ದಿನಲ್ಲಿ ಕಿರುಚುತ್ತಿದ್ದ. "ಹಮೀದ್, ಗಿರಾಕಿಗಳೆಲ್ಲ ಹೊರಗೆ ನಿಂತಿದ್ದಾರೆ. ಹಗ್ಗ ತಗೊಂಡು ಬೇಗ ಬಾ. ಬಾರೋ ಮಾರಾಯ, ನಿನ್ನ ಬಿಟ್ಟರೆ ಯಾರಿಗೂ ಆಗುವುದಿಲ್ಲ!"

ಆ ಕೊನೆಯ ಮಾತು ಬೂ ಖಾಲಿದ್ ಹೇಳುವ ರೀತಿಯಲ್ಲೇ ಇತ್ತು. ಕಾಲು ಎದ್ದೂ ನಿಂತಿತು. ಹಗ್ಗ ಎಲ್ಲಿದೆಯೆಂದು ಕಣ್ಣು ಹುಡುಕಿತು.

"ನನಗೆ ಕೆಲಸವಿದೆ, ಖಾಲಿದ್" ಎಂದು ಫೋನು ಇಟ್ಟೆ. ಮತ್ತೆ ನಾಲ್ಕು ಸಲ ಬಂತು, ಎತ್ತಲಿಲ್ಲ. ಗೆದ್ದೆ ಎಂದು ಅನ್ನಿಸಲಿಲ್ಲ. ಹೋದ ಡೇರೆಗಳಲ್ಲಿದ್ದದ್ದು ಮೂಸಾನ ಹೊಲಿಗೆ.

ಈಗ ನನ್ನಲ್ಲಿರುವುದು ಇಷ್ಟು. ಸಲ್ಮಾಬಾದಿನಲ್ಲಿ ಒಂದು ಗ್ಯಾರೇಜಿನ ಹಿಂದೆ ಬಾಡಿಗೆಯ ಶೆಡ್ಡು ಒಂದು. ಹೊಲಿಗೆ ಮೆಷಿನು ಎರಡು, ದಪ್ಪ ಬಟ್ಟೆಗೊಂದು ತೆಳು ಬಟ್ಟೆಗೊಂದು. ಕತ್ತರಿ ಮೂರು. ನನ್ನದೇ ಹೆಸರಿನ ಕೆಲಸದ ಪರ್ಮಿಟ್ಟು, ವರ್ಷಕ್ಕೊಮ್ಮೆ ನಾನೇ ಹೊಸದು ಮಾಡಿಸಬೇಕು. ಕೆಲಸದವರು ಯಾರೂ ಇಲ್ಲ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಈ ವಾರ ಹೊಲಿಯಲಿಕ್ಕೆ ದೋಣಿಯ ಹೊದಿಕೆ ನಾಲ್ಕು, ಕಾರಿನ ಸೀಟು ಒಂದು ಜೊತೆ.